ಅಸೆಂಬಲ್ ಮಾಡಿದ ಕಂಪ್ಯೂಟರ್ ಆನ್ ಆಗುವಾಗಲೇ ಹ್ಯಾಂಗ್ ಆಗುತ್ತಿದೆಯೇ? ಎಲ್ಲಿ ನಿಂತಿತು ಅಂತ ಮೊದಲು ನೋಡಿ

ಬಿಡಿಭಾಗ ತಂದು ಮನೆಯಲ್ಲೇ ಕೂತು ಜೋಡಿಸಿದ ಕಂಪ್ಯೂಟರ್. ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಲೈಟ್ ಹತ್ತುತ್ತದೆ, ಮದರ್‌ಬೋರ್ಡ್ ಕಂಪನಿಯ ಲೋಗೋ ಕೂಡ ಬರುತ್ತದೆ. ಆಮೇಲೆ ಏನೂ ಇಲ್ಲ, ಹಾಗೇ ನಿಂತುಬಿಡುತ್ತದೆ. ಈ ಪ್ರಶ್ನೆ ಓದುಗರಿಂದ ಮತ್ತೆ ಮತ್ತೆ ಬರುತ್ತಿದೆ. ಕೇಳುವವರಲ್ಲಿ ಬಹಳ ಜನ ಅಷ್ಟರಲ್ಲಾಗಲೇ ಎರಡು ಸಲ ವಿಂಡೋಸ್ ಹಾಕಿ ನೋಡಿರುತ್ತಾರೆ. ಕೆಲವರು ಹೊಸ ರ‍್ಯಾಮ್ ಕೂಡ ತಂದಿರುತ್ತಾರೆ. ತೊಂದರೆ ಮಾತ್ರ ಇದ್ದ ಹಾಗೇ ಇರುತ್ತದೆ.

ಅದಕ್ಕೇ ನಾನು ಮೊದಲು ಹೇಳುವುದು ಇಷ್ಟು. ಏನನ್ನಾದರೂ ಬದಲಾಯಿಸುವ ಮುಂಚೆ ಮಷಿನ್ ಎಲ್ಲಿ ನಿಲ್ಲುತ್ತಿದೆ ಅಂತ ಗುರುತಿಸಿ. ಆಮೇಲೆ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಮೂರು ಭಾಗ ಒಟ್ಟಿಗೆ ಬದಲಾಯಿಸಿದರೆ ಮಷಿನ್ ಸರಿಹೋದರೂ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ನಾಳೆ ಮತ್ತೆ ನಿಂತರೆ ಮತ್ತೆ ಮೊದಲಿಂದ ಹುಡುಕಬೇಕು.

ಕಂಪನಿಯಿಂದ ಜೋಡಿಸಿ ಬರುವ ಮಷಿನ್‌ನಲ್ಲಿ ಈ ಬೋರ್ಡ್‌ಗೆ ಈ ರ‍್ಯಾಮ್ ಹೊಂದುತ್ತದೆಯೇ ಅಂತ ಅವರೇ ಓಡಿಸಿ ನೋಡಿರುತ್ತಾರೆ. ನಮ್ಮ ಮನೆಯಲ್ಲಿ ಆ ಪರೀಕ್ಷೆ ನಾವೇ ಮಾಡಬೇಕು. ಹಾಗಾಗಿ ಮಷಿನ್ ನಿಂತ ಕೂಡಲೇ ದುಡ್ಡೆಲ್ಲ ಹೋಯಿತು ಅಂತ ಗಾಬರಿ ಬೇಡ. ಹೊಸ ಮಷಿನ್‌ನಲ್ಲಿ ಎಷ್ಟೋ ಸಲ ಯಾವ ಭಾಗವೂ ಕೆಟ್ಟಿರುವುದಿಲ್ಲ. ಯಾವುದೋ ಒಂದು ಸರಿಯಾಗಿ ಕೂತಿರುವುದಿಲ್ಲ, ಅಷ್ಟೇ.

ಮೊದಲು ನಾಲ್ಕು ಪದ

ನಮ್ಮಲ್ಲಿ ಬಹಳ ಜನ ಇಡೀ ಡಬ್ಬಕ್ಕೇ ಸಿಪಿಯು ಅನ್ನುತ್ತಾರೆ. ಇಲ್ಲಿ ಸಿಪಿಯು ಅಂದರೆ ಮದರ್‌ಬೋರ್ಡ್ ಮೇಲೆ ಕೂರುವ ಪ್ರೊಸೆಸರ್ ಚಿಪ್ ಮಾತ್ರ. ಡಬ್ಬಕ್ಕೆ ಕ್ಯಾಬಿನೆಟ್ ಅನ್ನೋಣ.

ಎಸ್‌ಎಂಪಿಎಸ್ ಅಂದರೆ ಗೋಡೆಯ 230 ವೋಲ್ಟ್ ಕರೆಂಟನ್ನು 12, 5 ಮತ್ತು 3.3 ವೋಲ್ಟ್‌ಗೆ ಇಳಿಸಿ ಕೊಡುವ ಪೆಟ್ಟಿಗೆ.

ಬಯಾಸ್ ಅಂದರೆ ಮದರ್‌ಬೋರ್ಡ್‌ನ ಒಳಗೇ ಇರುವ ಚಿಕ್ಕ ಸಾಫ್ಟ್‌ವೇರ್. ವಿಂಡೋಸ್‌ಗಿಂತ ಮೊದಲು ಎದ್ದು ಉಳಿದವರನ್ನೆಲ್ಲ ಎಬ್ಬಿಸುವುದು ಇದೇ. ಈಗಿನ ಬೋರ್ಡ್‌ಗಳಲ್ಲಿ ಇದರ ಹೊಸ ರೂಪ ಯುಇಎಫ್‌ಐ ಇರುತ್ತದೆ, ಆದರೂ ಎಲ್ಲರ ಬಾಯಲ್ಲಿ ಬಯಾಸ್ ಅಂತಲೇ ಉಳಿದಿದೆ.

ಪೋಸ್ಟ್ ಅಂದರೆ ಬಟನ್ ಒತ್ತಿದ ಕೂಡಲೇ ಬಯಾಸ್ ತೆಗೆದುಕೊಳ್ಳುವ ಹಾಜರಿ. ಪ್ರೊಸೆಸರ್ ಇದೆಯಾ, ರ‍್ಯಾಮ್ ಇದೆಯಾ, ಗ್ರಾಫಿಕ್ಸ್ ಇದೆಯಾ, ಡಿಸ್ಕ್ ಇದೆಯಾ ಅಂತ ಒಂದೊಂದಾಗಿ ಕೂಗುತ್ತದೆ. ಯಾರಿಂದ ಉತ್ತರ ಬರಲಿಲ್ಲವೋ ಅಲ್ಲೇ ಮಷಿನ್ ನಿಲ್ಲುತ್ತದೆ. ನಾವು ಹುಡುಕಬೇಕಾಗಿರುವುದು ಆ ಹಾಜರಾಗದವರನ್ನು.

ಕೈಗೆ ಏನೇನು ಬೇಕು

ಒಂದು ಸ್ಟಾರ್ ಸ್ಕ್ರೂಡ್ರೈವರ್, 8 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪೆನ್‌ಡ್ರೈವ್, ಪೆನ್ಸಿಲ್ ಅಳಿಸುವ ಬಿಳಿ ರಬ್ಬರ್, ಟಾರ್ಚ್ ಇರುವ ಫೋನ್, ಮದರ್‌ಬೋರ್ಡ್ ಮ್ಯಾನ್ಯುಯಲ್. ಮ್ಯಾನ್ಯುಯಲ್ ಕಳೆದುಹೋಗಿದ್ದರೆ ಬೋರ್ಡ್ ಮಾಡೆಲ್ ಹೆಸರು ಹಾಕಿ ತಯಾರಕರ ತಾಣದಿಂದ ಇಳಿಸಿಕೊಳ್ಳಿ. ಜೊತೆಗೆ ಒಂದು ನೋಟ್‌ಬುಕ್. ಮಾಡಿದ್ದನ್ನೆಲ್ಲ ಬರೆಯುತ್ತಾ ಹೋಗಿ. ಎರಡನೇ ದಿನಕ್ಕೆ ಯಾವ ಸ್ಲಾಟ್‌ನಲ್ಲಿ ಯಾವ ರ‍್ಯಾಮ್ ಹಾಕಿ ನೋಡಿದ್ದೆ ಅನ್ನುವುದು ಯಾರಿಗೂ ನೆನಪಿರುವುದಿಲ್ಲ.

ಒಳಗೆ ಕೈ ಹಾಕುವ ಮುಂಚೆ ಪ್ರತಿ ಸಲವೂ ಎಸ್‌ಎಂಪಿಎಸ್ ಹಿಂದಿನ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನ್ 10 ಸೆಕೆಂಡ್ ಒತ್ತಿ ಹಿಡಿಯಿರಿ. ಬೋರ್ಡ್ ಮೇಲಿನ ಲೈಟ್ ಪೂರ್ತಿ ಆರಬೇಕು. ಆಮೇಲೆ ಕ್ಯಾಬಿನೆಟ್‌ನ ಬಣ್ಣ ಹಚ್ಚದ ಲೋಹದ ಜಾಗ ಒಮ್ಮೆ ಮುಟ್ಟಿ; ಮೈಯಲ್ಲಿರುವ ಸ್ಟ್ಯಾಟಿಕ್ ಇಳಿಯುತ್ತದೆ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರ್‌ಗಳಲ್ಲಿ ಜೀವ ತೆಗೆಯುವಷ್ಟು ಕರೆಂಟ್ ಉಳಿದಿರಬಹುದು.

ಇನ್ನೊಂದು ವಿಷಯ. ಮಷಿನ್ ಆನ್ ಇದ್ದಾಗ ಕ್ಯಾಬಿನೆಟ್‌ನ ಕಬ್ಬಿಣ ಮುಟ್ಟಿದರೆ ಬೆರಳಿಗೆ ಜುಮ್ ಅನ್ನುತ್ತದೆಯೇ? ಹಾಗಾದರೆ ಆ ಪ್ಲಗ್ ಪಾಯಿಂಟ್‌ಗೆ ಅರ್ಥಿಂಗ್ ಸರಿಯಿಲ್ಲ. ಹಳೆಯ ಮನೆಗಳಲ್ಲಿ, ಬಾಡಿಗೆ ರೂಮುಗಳಲ್ಲಿ ಮೂರನೇ ದಪ್ಪ ತೂತು ಹೆಸರಿಗೆ ಮಾತ್ರ ಇರುತ್ತದೆ, ಹಿಂದೆ ವೈರ್ ಇರುವುದಿಲ್ಲ. ಕಂಪ್ಯೂಟರ್ ರಿಪೇರಿಗಿಂತ ಮುಂಚೆ ಎಲೆಕ್ಟ್ರಿಷಿಯನ್ ಕರೆಸಿ ಅದನ್ನು ಸರಿಮಾಡಿಸಿ. ಅದು ನಿಮ್ಮ ಜೀವದ ಪ್ರಶ್ನೆ.

ಹಂತ 1: ನಿಜವಾಗಿಯೂ ಹ್ಯಾಂಗ್ ಆಗಿದೆಯೇ?

ಪರದೆ ನಿಂತ ಮೇಲೆ ಕೀಬೋರ್ಡ್‌ನಲ್ಲಿ ನಮ್ ಲಾಕ್ ಅಥವಾ ಕ್ಯಾಪ್ಸ್ ಲಾಕ್ ಒತ್ತಿ. ಕೀಬೋರ್ಡ್‌ನ ಚಿಕ್ಕ ಲೈಟ್ ಹತ್ತಿ ಆರುತ್ತಿದ್ದರೆ ಮಷಿನ್ ಇನ್ನೂ ಬದುಕಿದೆ, ತೊಂದರೆ ಬಹುಶಃ ಡಿಸ್ಪ್ಲೇ ಕಡೆಯದು. ಲೈಟ್ ಕದಲದಿದ್ದರೆ ನಿಜಕ್ಕೂ ಹ್ಯಾಂಗ್ ಆಗಿರುವ ಸಾಧ್ಯತೆ ಜಾಸ್ತಿ. ಎರಡು ಸೆಕೆಂಡಿನ ಈ ಪರೀಕ್ಷೆ ಅರ್ಧ ದಿನದ ಕೆಲಸ ಉಳಿಸುತ್ತದೆ.

ಡಿಸ್ಪ್ಲೇ ಕಡೆಯದು ಅಂತಾದರೆ ಕೇಬಲ್ ಎಲ್ಲಿಗೆ ಹೋಗಿದೆ ನೋಡಿ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮಾನಿಟರ್ ಕೇಬಲ್ ಆ ಕಾರ್ಡ್‌ಗೇ ಹೋಗಬೇಕು, ಮೇಲಿನ ಮದರ್‌ಬೋರ್ಡ್ ಪೋರ್ಟ್‌ಗಲ್ಲ. ಇಂಟೆಲ್ ಪ್ರೊಸೆಸರ್‌ನ ಹೆಸರು 12400ಎಫ್ ಅನ್ನುವ ಹಾಗೆ ‘ಎಫ್’ ಅಕ್ಷರದಿಂದ ಮುಗಿದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ. ಎಎಂಡಿಯ ರೈಜನ್ 5 5600ರಲ್ಲೂ ಇಲ್ಲ. ಇಂಥ ಪ್ರೊಸೆಸರ್ ಇದ್ದು ಬೋರ್ಡ್ ಪೋರ್ಟ್‌ಗೆ ಕೇಬಲ್ ಹಾಕಿದರೆ ಎಷ್ಟು ಕಾದರೂ ಪರದೆ ಕಪ್ಪೇ.

ಕಾಯುವ ವಿಷಯ ಬಂತಲ್ಲ, ಹೊಸದಾಗಿ ಜೋಡಿಸಿದವರು ಜಾಸ್ತಿ ಎಡವುವುದು ಇಲ್ಲೇ. ಡಿಡಿಆರ್5 ರ‍್ಯಾಮ್ ಬಳಸುವ ಬೋರ್ಡ್, ಅದರಲ್ಲೂ ಎಎಂಡಿಯ ಎಎಂ5 ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಇರುವ ಬೋರ್ಡ್, ಮೊದಲ ಸಲ ಆನ್ ಮಾಡಿದಾಗ ರ‍್ಯಾಮ್ ಜೊತೆ ಹೊಂದಿಕೊಳ್ಳಲು ಹಲವು ನಿಮಿಷ ತೆಗೆದುಕೊಳ್ಳುತ್ತದೆ. ಇದಕ್ಕೆ ಮೆಮೊರಿ ಟ್ರೈನಿಂಗ್ ಅಂತಾರೆ. ಆಗ ಪರದೆ ಕಪ್ಪಾಗಿರುತ್ತದೆ, ಫ್ಯಾನ್ ಮಾತ್ರ ತಿರುಗುತ್ತಿರುತ್ತದೆ, ಒಮ್ಮೊಮ್ಮೆ ತಾನೇ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಮಷಿನ್ ಸತ್ತಿದೆ ಅಂತ ಬಟನ್ ಒತ್ತಿ ಆಫ್ ಮಾಡಿದರೆ ಮುಂದಿನ ಸಲ ಅದು ಮತ್ತೆ ಮೊದಲಿಂದ ಶುರುಮಾಡುತ್ತದೆ. ಮೊದಲ ಸಲ ಅಥವಾ ಬಯಾಸ್ ರೀಸೆಟ್ ಆದ ಮೇಲೆ 15 ನಿಮಿಷ ಮುಟ್ಟದೆ ಬಿಡಿ.

ಹಂತ 2: ಎಲ್ಲಿ ನಿಂತಿತು?

ನಿಲ್ಲುವ ಜಾಗ ನಾಲ್ಕು. ನಿಮ್ಮದು ಯಾವುದು ಅಂತ ನೋಟ್‌ಬುಕ್‌ನಲ್ಲಿ ಬರೆಯಿರಿ.

ಲೋಗೋ ಕೂಡ ಬರುವುದಿಲ್ಲ ಅಂದರೆ ಕರೆಂಟ್, ರ‍್ಯಾಮ್, ಪ್ರೊಸೆಸರ್, ಗ್ರಾಫಿಕ್ಸ್ ಕಡೆ ನೋಡಬೇಕು. ಲೋಗೋ ಬಂದು ಅಲ್ಲೇ ನಿಂತು, ಬಯಾಸ್‌ಗೂ ಹೋಗಲು ಬಿಡದಿದ್ದರೆ ಮೊದಲ ಅನುಮಾನ ಯುಎಸ್‌ಬಿ ಸಾಮಾನು ಮತ್ತು ಡಿಸ್ಕ್, ಆಮೇಲೆ ರ‍್ಯಾಮ್. ಲೋಗೋ ಕೆಳಗೆ ವಿಂಡೋಸ್‌ನ ಚುಕ್ಕಿಗಳ ಉಂಗುರ ತಿರುಗಿ ನಿಂತರೆ ಬಯಾಸ್ ತನ್ನ ಹಾಜರಿ ಮುಗಿಸಿದೆ ಅಂತ ಅರ್ಥ. ತೊಂದರೆ ಡಿಸ್ಕ್, ಡ್ರೈವರ್ (ಒಂದೊಂದು ಭಾಗವನ್ನು ನಡೆಸುವ ಚಿಕ್ಕ ಸಾಫ್ಟ್‌ವೇರ್) ಅಥವಾ ವಿಂಡೋಸ್‌ನದು ಇರಬಹುದು, ರ‍್ಯಾಮ್ ಕೂಡ ಇರಬಹುದು. ಡೆಸ್ಕ್‌ಟಾಪ್ ಬಂದು ಒಂದೆರಡು ನಿಮಿಷಕ್ಕೆ ನಿಂತರೆ ಗ್ರಾಫಿಕ್ಸ್ ಡ್ರೈವರ್, ಬಿಸಿ, ಇಲ್ಲವೇ ತಾನೇ ಶುರುವಾಗುವ ಯಾವುದೋ ಪ್ರೋಗ್ರಾಂ.

ಬೋರ್ಡ್ ಮೇಲೆ ಸಾಮಾನ್ಯವಾಗಿ ಅಂಚಿನಲ್ಲಿ, 24 ಪಿನ್ ಕನೆಕ್ಟರ್ ಹತ್ತಿರ, ಸಾಸಿವೆ ಕಾಳಿನಷ್ಟು ಚಿಕ್ಕ ನಾಲ್ಕು ಲೈಟ್ ಇರುತ್ತವೆ. ಪಕ್ಕದಲ್ಲಿ ಸಿಪಿಯು, ಡ್ರ್ಯಾಮ್, ವಿಜಿಎ, ಬೂಟ್ ಅಂತ ಬರೆದಿರುತ್ತದೆ. ಆನ್ ಮಾಡಿದಾಗ ಒಂದೊಂದಾಗಿ ಹತ್ತಿ ಆರುತ್ತವೆ. ಯಾವುದು ಹತ್ತಿದ್ದು ಆರುವುದೇ ಇಲ್ಲವೋ ಅದೇ ಹಾಜರಾಗದವನ ಹೆಸರು. ಡ್ರ್ಯಾಮ್ ಅಂದರೆ ರ‍್ಯಾಮ್, ವಿಜಿಎ ಅಂದರೆ ಗ್ರಾಫಿಕ್ಸ್, ಬೂಟ್ ಅಂದರೆ ವಿಂಡೋಸ್ ಇರುವ ಡಿಸ್ಕ್. ದುಬಾರಿ ಬೋರ್ಡ್‌ಗಳಲ್ಲಿ ಲೈಟಿನ ಜೊತೆ ಎರಡಂಕಿಯ ಚಿಕ್ಕ ಫಲಕವೂ ಇರುತ್ತದೆ. ಅದರ ಅರ್ಥ ಮ್ಯಾನ್ಯುಯಲ್‌ನಲ್ಲಿ ಸಿಗುತ್ತದೆ. ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಿ, ಕಣ್ಣಿಗೆ ತಪ್ಪಿದ್ದು ನಿಧಾನವಾಗಿ ನೋಡಿದಾಗ ಸಿಗುತ್ತದೆ.

ಒಂದು ಎಚ್ಚರಿಕೆ: ಸಿಪಿಯು ಲೈಟ್ ಹತ್ತಿತು ಅಂತ ಪ್ರೊಸೆಸರ್ ಸುಟ್ಟಿದೆ ಎಂದು ತೀರ್ಮಾನಿಸಬೇಡಿ. ಸಿಪಿಯುಗೆ ಹೋಗುವ ಕರೆಂಟ್ ಕೇಬಲ್ ಬಿಟ್ಟುಹೋಗಿದ್ದರೂ, ಆ ಪ್ರೊಸೆಸರ್ ಬೋರ್ಡ್‌ನ ಹಳೆಯ ಬಯಾಸ್‌ಗೆ ಗೊತ್ತಿಲ್ಲದಿದ್ದರೂ ಇದೇ ಲೈಟ್ ಹತ್ತಬಹುದು.

ಹಂತ 3: ಹೊರಗಿನದ್ದೆಲ್ಲ ಬಿಚ್ಚಿ

ಪೆನ್‌ಡ್ರೈವ್, ಪ್ರಿಂಟರ್, ವೆಬ್‌ಕ್ಯಾಮ್, ಯುಎಸ್‌ಬಿ ಹಬ್, ಚಾರ್ಜ್‌ಗೆ ಹಾಕಿದ ಫೋನ್, ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್, ನೆಟ್‌ವರ್ಕ್ ಕೇಬಲ್, ಎಲ್ಲವನ್ನೂ ತೆಗೆಯಿರಿ. ಒಂದು ಸಾದಾ ವೈರ್ ಇರುವ ಕೀಬೋರ್ಡ್ ಮತ್ತು ಮಾನಿಟರ್ ಮಾತ್ರ ಇರಲಿ. ಲೋಗೋದಲ್ಲಿ ನಿಲ್ಲುವ ಎಷ್ಟೋ ಮಷಿನ್‌ಗಳು ಇಷ್ಟಕ್ಕೇ ಮುಂದೆ ಹೋಗುತ್ತವೆ. ಕ್ಯಾಬಿನೆಟ್‌ನ ಮುಂದಿನ ಯುಎಸ್‌ಬಿ ಪೋರ್ಟ್ ಒಳಗೆ ಪಿನ್ ಬಾಗಿದ್ದರೂ ಇದೇ ಗತಿ. ಟಾರ್ಚ್ ಹಾಕಿ ಒಮ್ಮೆ ಇಣುಕಿ ನೋಡಿ.

ಹಂತ 4: ಕರೆಂಟ್

ಎರಡು ಕನೆಕ್ಟರ್ ಮುಖ್ಯ. ಬೋರ್ಡ್‌ನ ಬಲ ಅಂಚಿನ ಅಗಲವಾದ 24 ಪಿನ್, ಮತ್ತು ಮೇಲಿನ ಎಡಮೂಲೆಯಲ್ಲಿ ಪ್ರೊಸೆಸರ್‌ಗೆಂದೇ ಇರುವ 8 ಪಿನ್. ಎರಡನೆಯದನ್ನು ಮರೆಯುವವರು ಬಹಳ. ಎರಡನ್ನೂ ಪೂರ್ತಿ ಕಿತ್ತು, ಕೊಕ್ಕೆ ಟಕ್ ಅನ್ನುವವರೆಗೆ ಮತ್ತೆ ಒತ್ತಿ. 24 ಪಿನ್ ಕನೆಕ್ಟರ್ ಗಟ್ಟಿ ಇರುತ್ತದೆ, ಬೋರ್ಡ್ ಹಿಂದೆ ಬೆರಳು ಕೊಟ್ಟು ಒತ್ತಿದರೆ ಬೋರ್ಡ್ ಬಾಗುವುದಿಲ್ಲ.

ಪ್ರೊಸೆಸರ್‌ನ 8 ಪಿನ್ ಕೇಬಲ್ ಮತ್ತು ಗ್ರಾಫಿಕ್ಸ್ ಕಾರ್ಡ್‌ನ 8 ಪಿನ್ ಕೇಬಲ್ ನೋಡಲು ಒಂದೇ ತರ. ಒಂದೇ ಅಲ್ಲ. ಪ್ರೊಸೆಸರ್‌ನದು ಸಾಮಾನ್ಯವಾಗಿ 4+4 ಆಗಿ ಒಡೆಯುತ್ತದೆ, ಕಾರ್ಡ್‌ನದು 6+2 ಆಗಿ. ಒಂದರ ಜಾಗಕ್ಕೆ ಇನ್ನೊಂದನ್ನು ಬಲವಂತವಾಗಿ ತುರುಕಬೇಡಿ. ಕೇಬಲ್ ಕಳಚಿ ಹಾಕುವಂಥ ಮಾಡ್ಯುಲರ್ ಎಸ್‌ಎಂಪಿಎಸ್ ಇದ್ದರೆ ಹಳೆಯ ಎಸ್‌ಎಂಪಿಎಸ್‌ನ ಕೇಬಲ್ ಹೊಸದಕ್ಕೆ ಹಾಕಲೇಬೇಡಿ. ಪೆಟ್ಟಿಗೆಯ ಕಡೆ ಪಿನ್‌ಗಳ ಜೋಡಣೆಗೆ ಒಂದೇ ನಿಯಮ ಇಲ್ಲ. ತೂತು ಹೊಂದಿದರೂ ತಪ್ಪು ವೋಲ್ಟೇಜ್ ಹೋಗಿ ಡಿಸ್ಕ್ ಸುಟ್ಟುಹೋಗಬಹುದು, ಅದರ ಜೊತೆ ನಿಮ್ಮ ಫೋಟೋಗಳೂ.

ಇನ್ವರ್ಟರ್ ಇರುವ ಮನೆಯಾದರೆ ಇದನ್ನೂ ಗಮನಿಸಿ: ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ಇದ್ದಾಗ ಮಾತ್ರ ಮಷಿನ್ ನಿಲ್ಲುತ್ತದೆಯೇ? ಸ್ಕ್ವೇರ್ ವೇವ್ ಇನ್ವರ್ಟರ್‌ನ ಕರೆಂಟ್ ಕೆಲವು ಎಸ್‌ಎಂಪಿಎಸ್‌ಗಳಿಗೆ ಆಗಿಬರುವುದಿಲ್ಲ. ಬೆಳಗ್ಗೆ ಮೊದಲ ಸಲ ನಿಂತು, ಎರಡನೇ ಸಲಕ್ಕೆ ಸರಿಯಾಗಿ ಆನ್ ಆಗುವ ಮಷಿನ್‌ನಲ್ಲೂ ಸೋತ ಎಸ್‌ಎಂಪಿಎಸ್ ಮೇಲೆ ಅನುಮಾನ ಇರಲಿ. ಇದನ್ನು ಪಕ್ಕಾ ಮಾಡಿಕೊಳ್ಳಲು ಸ್ನೇಹಿತರ ಮಷಿನ್‌ನ ಒಳ್ಳೆಯ ಎಸ್‌ಎಂಪಿಎಸ್ ಒಂದು ಗಂಟೆ ಎರವಲು ತಂದು, ಅದರ ಕೇಬಲ್‌ಗಳ ಸಮೇತ ಹಾಕಿ ನೋಡುವುದೇ ಒಳ್ಳೆಯ ದಾರಿ.

ಹಂತ 5: ರ‍್ಯಾಮ್

ಇಲ್ಲಿ ಅವಸರ ಮಾಡಬೇಡಿ. ನಾನು ನೋಡಿದ ಮಷಿನ್‌ಗಳಲ್ಲಿ ಆರಂಭದಲ್ಲೇ ನಿಲ್ಲುವುದಕ್ಕೆ ಎಲ್ಲಕ್ಕಿಂತ ಜಾಸ್ತಿ ಕಾರಣವಾಗಿರುವುದು ರ‍್ಯಾಮ್.

ಮೊದಲು ಅದು ಕೂತಿರುವ ರೀತಿ ನೋಡಿ. ಈಗಿನ ಬಹಳಷ್ಟು ಬೋರ್ಡ್‌ಗಳಲ್ಲಿ ಸ್ಲಾಟ್‌ನ ಒಂದೇ ತುದಿಯಲ್ಲಿ ಕೊಕ್ಕೆ ಇರುತ್ತದೆ. ಆ ತುದಿ ಟಕ್ ಅಂದ ಕೂಡಲೇ ಕೆಲಸ ಆಯಿತು ಅಂದುಕೊಳ್ಳುತ್ತೇವೆ. ನಮ್ಮ ತಂಗಿಯ ಮಗ ಜೋಡಿಸಿದ ಮಷಿನ್ ಎರಡು ದಿನ ಲೋಗೋದಲ್ಲೇ ನಿಲ್ಲುತ್ತಿತ್ತು. ಟಾರ್ಚ್ ಹಿಡಿದು ಪಕ್ಕದಿಂದ ನೋಡಿದರೆ ಕೊಕ್ಕೆ ಇಲ್ಲದ ತುದಿಯಲ್ಲಿ ಚಿನ್ನದ ಬಣ್ಣದ ಗೆರೆ ಉಗುರಿನಷ್ಟು ದಪ್ಪಕ್ಕೆ ಮೇಲೆ ಕಾಣುತ್ತಿತ್ತು. ಹೆಬ್ಬೆರಳಿನಿಂದ ಒಂದು ಸಲ ಒತ್ತಿದ್ದಷ್ಟೇ. ಹಾಗಾಗಿ ಎರಡೂ ತುದಿಯನ್ನು ಬೇರೆ ಬೇರೆಯಾಗಿ ಒತ್ತಿ, ಆ ಚಿನ್ನದ ಗೆರೆ ಉದ್ದಕ್ಕೂ ಒಂದೇ ಸಮ ಒಳಗೆ ಹೋಗಿದೆಯೇ ಅಂತ ಕಣ್ಣಾರೆ ನೋಡಿ.

ಹಳೆಯ ರ‍್ಯಾಮ್ ಆದರೆ ಹೊರತೆಗೆದು ಆ ಚಿನ್ನದ ಪಟ್ಟಿಗಳ ಮೇಲೆ ಬಿಳಿ ರಬ್ಬರ್‌ನಿಂದ ಹಗುರವಾಗಿ ಉಜ್ಜಿ, ರಬ್ಬರ್ ಪುಡಿ ಪೂರ್ತಿ ಒರೆಸಿ. ಕರಾವಳಿಯ ಉಪ್ಪುಗಾಳಿ ಮತ್ತು ತೇವಕ್ಕೆ ಈ ಪಟ್ಟಿಗಳ ಮೇಲೆ ಬೇಗ ಮಬ್ಬು ಕೂರುತ್ತದೆ. ಸ್ಯಾಂಡ್ ಪೇಪರ್, ನೀರು ಬೇಡವೇ ಬೇಡ. ಸ್ಲಾಟ್ ಒಳಗೆ ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. ಮೆತ್ತಗಿನ ಒಣ ಬ್ರಷ್ ಸಾಕು.

ಈಗ ಪರೀಕ್ಷೆ. ಒಂದೇ ಒಂದು ರ‍್ಯಾಮ್ ಪಟ್ಟಿ ಬಿಟ್ಟು ಉಳಿದದ್ದು ತೆಗೆಯಿರಿ. ನಾಲ್ಕು ಸ್ಲಾಟ್ ಇರುವ ಬೋರ್ಡ್ ಆದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ ಸ್ಲಾಟ್‌ನಲ್ಲಿ ಹಾಕಿ. ಇದರ ಹೆಸರು ಸಾಮಾನ್ಯವಾಗಿ ಎ2. ಆನ್ ಮಾಡಿ ನೋಡಿ. ಆಮೇಲೆ ಅದೇ ಸ್ಲಾಟ್‌ಗೆ ಇನ್ನೊಂದು ಪಟ್ಟಿ. ಒಂದು ಪಟ್ಟಿಯಲ್ಲಿ ಓಡಿ ಇನ್ನೊಂದರಲ್ಲಿ ನಿಂತರೆ ನಿಂತ ಪಟ್ಟಿ ಕೆಟ್ಟಿದೆ. ಎರಡೂ ಎ2ರಲ್ಲಿ ಓಡಿ, ನಾಲ್ಕನೇ ಸ್ಲಾಟ್ ಆದ ಬಿ2ರಲ್ಲಿ ಎರಡೂ ನಿಂತರೆ ರ‍್ಯಾಮ್ ತಪ್ಪಲ್ಲ. ಆ ಸ್ಲಾಟ್, ಅಥವಾ ಪ್ರೊಸೆಸರ್ ಸಾಕೆಟ್‌ನ ಯಾವುದೋ ಬಾಗಿದ ಪಿನ್ ಕಾರಣ. ಪ್ರೊಸೆಸರನ್ನು ತಣ್ಣಗಿಡುವ ಕೂಲರ್‌ನ ಸ್ಕ್ರೂಗಳನ್ನು ಒಂದು ಕಡೆ ಅತಿಯಾಗಿ ಬಿಗಿ ಮಾಡಿದರೂ ಹೀಗಾಗುವುದುಂಟು. ನಾಲ್ಕೂ ಸ್ಕ್ರೂ ಸಡಿಲಿಸಿ, ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಬನ್ನಿ.

ಒಂದೊಂದೇ ಪಟ್ಟಿಯಲ್ಲಿ ಓಡಿ, ಎರಡು ಒಟ್ಟಿಗೆ ಹಾಕಿದಾಗ ನಿಂತರೆ ಅವು ಒಂದೇ ಪ್ಯಾಕ್‌ನಲ್ಲಿ ಬಂದವೇ ಅಂತ ಕೇಳಿಕೊಳ್ಳಿ. ಆರು ತಿಂಗಳ ಮೇಲೆ ಅದೇ ಕಂಪನಿಯ, ಅದೇ ಮಾಡೆಲ್‌ನ ಇನ್ನೊಂದು ಪಟ್ಟಿ ತಂದಿದ್ದರೂ ಒಳಗಿನ ಚಿಪ್ ಬೇರೆ ಇರಬಹುದು. ಜೋಡಿ ಬೇಕಾದರೆ ಜೋಡಿಯಾಗಿಯೇ ಕೊಳ್ಳಿ.

ಬಯಾಸ್‌ವರೆಗೆ ಮಷಿನ್ ಬರುತ್ತದೆ ಆದರೆ ಅನುಮಾನ ಉಳಿದಿದೆ ಅಂದರೆ, ಬೇರೆ ಕಂಪ್ಯೂಟರ್‌ನಲ್ಲಿ ಪೆನ್‌ಡ್ರೈವ್‌ಗೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಹಾಕಿ ಅದರಿಂದ ಬೂಟ್ ಮಾಡಿ, ಅಂದರೆ ವಿಂಡೋಸ್ ಬದಲು ಆ ಪೆನ್‌ಡ್ರೈವ್‌ನಿಂದ ಮಷಿನ್ ಎಬ್ಬಿಸಿ (ಒತ್ತಬೇಕಾದ ಕೀ ಹಂತ 7ರಲ್ಲಿದೆ). ಇದು ಉಚಿತವಾಗಿ ಸಿಗುತ್ತದೆ. ನಾಲ್ಕು ಸುತ್ತು ಓಡಲು ಬಿಡಿ. 16 ಜಿಬಿಗೆ ಕೆಲವು ಗಂಟೆ ಹಿಡಿಯುತ್ತದೆ, ರಾತ್ರಿ ಹಾಕಿ ಮಲಗಿ. ಒಂದೇ ಒಂದು ಎರರ್ ಬಂದರೂ ಅದು ಎರರ್ರೇ, ‘ಒಂದೇ ತಾನೆ’ ಅಂತ ಬಿಡಬೇಡಿ.

ಹಂತ 6: ಬಯಾಸ್ ರೀಸೆಟ್

ಮೊದಲು ಎಚ್ಚರಿಕೆ. ವಿಂಡೋಸ್ 11 ಎಷ್ಟೋ ಮಷಿನ್‌ಗಳಲ್ಲಿ ಡಿಸ್ಕ್‌ಗೆ ತಾನಾಗಿಯೇ ಬೀಗ ಹಾಕಿರುತ್ತದೆ. ಈ ಬೀಗದ ಹೆಸರು ಬಿಟ್‌ಲಾಕರ್. ಬಯಾಸ್ ರೀಸೆಟ್ ಅಥವಾ ಅಪ್‌ಡೇಟ್ ಮಾಡಿದ ಮೇಲೆ ಅದು 48 ಅಂಕಿಯ ರಿಕವರಿ ಕೀ ಕೇಳಬಹುದು. ಆ ಕೀ ಇಲ್ಲದಿದ್ದರೆ ಡಿಸ್ಕ್‌ನಲ್ಲಿರುವುದು ಸಿಗುವುದಿಲ್ಲ. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಫೋನಿನಿಂದ ಖಾತೆಗೆ ಹೋಗಿ, ಕೀ ಇದೆಯೇ ಅಂತ ನೋಡಿ ಬರೆದಿಟ್ಟುಕೊಂಡ ಮೇಲೇ ಮುಂದಿನ ಸಾಲು ಓದಿ.

ಪ್ಲಗ್ ಕಿತ್ತ ಮೇಲೆ ಮ್ಯಾನ್ಯುಯಲ್‌ನಲ್ಲಿ ‘ಕ್ಲಿಯರ್ ಸಿಮಾಸ್’ ಅಂತ ಇರುವ ಎರಡು ಪಿನ್ ಹುಡುಕಿ, ಸ್ಕ್ರೂಡ್ರೈವರ್ ತುದಿಯಿಂದ ಎರಡನ್ನೂ 10 ಸೆಕೆಂಡ್ ಒಟ್ಟಿಗೆ ಮುಟ್ಟಿಸಿ. ಪಿನ್ ಸಿಗದಿದ್ದರೆ ಬೋರ್ಡ್ ಮೇಲಿನ ನಾಣ್ಯದಂಥ ಸಿಆರ್ 2032 ಸೆಲ್ ತೆಗೆದು 5 ನಿಮಿಷ ಬಿಟ್ಟು ಹಾಕಿ. ಹಳೆಯ ಬೋರ್ಡ್‌ನಲ್ಲಿ ಗಡಿಯಾರದ ಸಮಯ ಪದೇ ಪದೇ ತಪ್ಪುತ್ತಿದ್ದರೆ ಆ ಸೆಲ್ಲನ್ನೇ ಬದಲಾಯಿಸಿ.

ರೀಸೆಟ್ ಆದ ಮೇಲೆ ಸರಿಯಾಗಿ ಓಡಿದರೆ ತೊಂದರೆ ಬಹುಶಃ ರ‍್ಯಾಮ್ ವೇಗದ್ದು. ಪ್ಯಾಕೆಟ್ ಮೇಲೆ ಬರೆದ 3200 ಅಥವಾ 6000 ವೇಗ ಎಷ್ಟೋ ಸಲ ತಾನಾಗಿ ಬರುವುದಿಲ್ಲ, ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಅನ್ನುವುದನ್ನು ಆನ್ ಮಾಡಬೇಕು. ಅದು ಒಂದು ರೀತಿಯ ಓವರ್‌ಕ್ಲಾಕಿಂಗ್, ಅಂದರೆ ನಿಗದಿತ ವೇಗಕ್ಕಿಂತ ಜಾಸ್ತಿ ಓಡಿಸುವುದು; ಎಲ್ಲ ಬೋರ್ಡ್ ಮತ್ತು ಪ್ರೊಸೆಸರ್ ತಡೆದುಕೊಳ್ಳುವುದಿಲ್ಲ. ಎರಡು ದಿನ ಅದನ್ನು ಆಫ್ ಇಟ್ಟು ನೋಡಿ. ಆಮೇಲೆ ಒಂದು ಮೆಟ್ಟಿಲು ಕಮ್ಮಿ ವೇಗ ಹಾಕಿ. ದಿನದ ಕೆಲಸದಲ್ಲಿ ಆ ವ್ಯತ್ಯಾಸ ನಿಮಗೆ ಗೊತ್ತೂ ಆಗುವುದಿಲ್ಲ.

ಬೋರ್ಡ್‌ಗಿಂತ ಪ್ರೊಸೆಸರ್ ಹೊಸದಾದರೆ ಬಯಾಸ್ ಅಪ್‌ಡೇಟ್ ಬೇಕಾಗಬಹುದು. ಬಿ450 ಬೋರ್ಡ್‌ಗೆ ರೈಜನ್ 5000 ಸರಣಿ ಹಾಕಿದವರಿಗೆ ಇದು ಗೊತ್ತು. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ವೋಲ್ಟೇಜ್ ಜಾಸ್ತಿಯಾಗಿ ಮಷಿನ್ ಅಸ್ಥಿರವಾಗುವ ತೊಂದರೆಯನ್ನು ಕಂಪನಿ 2024ರಲ್ಲಿ ಒಪ್ಪಿಕೊಂಡಿತು. ಪರಿಹಾರ ಬಂದಿದ್ದೂ ಬಯಾಸ್ ಅಪ್‌ಡೇಟ್ ಮೂಲಕವೇ. ಆ ಪ್ರೊಸೆಸರ್‌ಗಳ ವಾರಂಟಿಯನ್ನು 2 ವರ್ಷ ಹೆಚ್ಚಿಸಿದೆ. ಆಗಲೇ ಹಾಳಾದ ಚಿಪ್ ಅಪ್‌ಡೇಟ್‌ನಿಂದ ಸರಿಹೋಗುವುದಿಲ್ಲ, ಬದಲಿಸಿ ಕೇಳಬೇಕು. ಅಪ್‌ಡೇಟ್ ಫೈಲನ್ನು ನಿಮ್ಮ ಬೋರ್ಡ್‌ನ ಪುಟದಿಂದಲೇ ತೆಗೆದುಕೊಳ್ಳಿ. ಯುಪಿಎಸ್ ಇಲ್ಲದಿದ್ದರೆ ಮಳೆ-ಗುಡುಗಿನ ಸಂಜೆ ಈ ಕೆಲಸಕ್ಕೆ ಕೈ ಹಾಕಬೇಡಿ. ನಡುವೆ ಕರೆಂಟ್ ಹೋದರೆ ಬೋರ್ಡೇ ಏಳದೆ ಹೋಗಬಹುದು.

ಹಂತ 7: ಡಿಸ್ಕ್

ಎಲ್ಲ ಡಿಸ್ಕ್‌ಗಳ ಕೇಬಲ್ ಬಿಚ್ಚಿ, ಕೇಬಲ್ ಇಲ್ಲದೆ ಬೋರ್ಡ್ ಮೇಲೇ ಕೂರುವ ಎಂ.2 ಡಿಸ್ಕ್ ಇದ್ದರೆ ಅದನ್ನೂ ತೆಗೆದು ಆನ್ ಮಾಡಿ. ಈಗ ಬಯಾಸ್‌ಗೆ ಸಲೀಸಾಗಿ ಹೋಗುತ್ತದೆಯೇ? ಹಾಗಾದರೆ ಯಾವುದೋ ಡಿಸ್ಕ್ ಹಾಜರಿಗೆ ಉತ್ತರ ಕೊಡದೆ ಬಯಾಸನ್ನು ಕಾಯಿಸುತ್ತಿದೆ. ಒಂದೊಂದಾಗಿ ಹಾಕುತ್ತಾ ಬನ್ನಿ. ಡಿಸ್ಕ್ ಕೆಟ್ಟಿದೆ ಅನ್ನುವ ಮುಂಚೆ ಡಿಸ್ಕನ್ನು ಬೋರ್ಡ್‌ಗೆ ಸೇರಿಸುವ ಸಾಟಾ ಕೇಬಲ್ ಬದಲಾಯಿಸಿ ನೋಡಿ. ಕೇಬಲ್ ಕಡಿಮೆ ಬೆಲೆಯದು, ಡಿಸ್ಕ್ ಅಲ್ಲ. ಹಳೆಯ ಹಾರ್ಡ್‌ಡಿಸ್ಕ್ ಟಿಕ್ ಟಿಕ್ ಸದ್ದು ಮಾಡುತ್ತಿದ್ದರೆ ಪದೇ ಪದೇ ಆನ್ ಮಾಡುವುದನ್ನು ಅಲ್ಲಿಗೇ ನಿಲ್ಲಿಸಿ. ಬೇಕಾದ ಫೈಲ್ ಇದ್ದರೆ ಡೇಟಾ ರಿಕವರಿ ಮಾಡುವವರ ಹತ್ತಿರ ಒಯ್ಯಿರಿ.

ನನಗೆ ಬಹಳ ಇಷ್ಟವಾದ ಪರೀಕ್ಷೆ ಇನ್ನೊಂದಿದೆ. ವಿಂಡೋಸ್ ಬದಲು ಬಳಸಬಹುದಾದ ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಿದ ಪೆನ್‌ಡ್ರೈವ್‌ನಿಂದ, ಡಿಸ್ಕ್ ಮುಟ್ಟದೆ, ಮಷಿನ್ ಓಡಿಸಿ. ಬೂಟ್ ಮೆನುಗೆ ಏಸಸ್ ಬೋರ್ಡ್‌ನಲ್ಲಿ ಎಫ್8, ಎಂಎಸ್‌ಐ ಮತ್ತು ಎಎಸ್‌ರಾಕ್‌ನಲ್ಲಿ ಎಫ್11, ಗಿಗಾಬೈಟ್‌ನಲ್ಲಿ ಎಫ್12 ಒತ್ತಬೇಕು. ‘ಇನ್‌ಸ್ಟಾಲ್’ ಅನ್ನುವುದನ್ನು ಮಾತ್ರ ಒತ್ತಬೇಡಿ. ಅದರಲ್ಲಿ ಒಂದು ಗಂಟೆ ವಿಡಿಯೋ ನೋಡಿದರೂ ಮಷಿನ್ ನಿಲ್ಲದಿದ್ದರೆ ಪ್ರೊಸೆಸರ್, ರ‍್ಯಾಮ್, ಬೋರ್ಡ್ ಮೇಲಿನ ಅನುಮಾನ ಬಹಳಷ್ಟು ಕಮ್ಮಿ ಆಯಿತು. ಉಳಿದಿದ್ದು ಡಿಸ್ಕ್ ಮತ್ತು ವಿಂಡೋಸ್. ಬಿಟ್‌ಲಾಕರ್ ಬೀಗ ಇಲ್ಲದಿದ್ದರೆ ಇದೇ ಪೆನ್‌ಡ್ರೈವ್‌ನಿಂದ ಫೈಲ್‌ಗಳನ್ನು ಹೊರಗಿನ ಡಿಸ್ಕ್‌ಗೆ ನಕಲು ಮಾಡಿಕೊಳ್ಳಬಹುದು. ಈಗಲೇ ಮಾಡಿಕೊಳ್ಳಿ.

ಹಂತ 8: ವಿಂಡೋಸ್‌ನ ಉಂಗುರದಲ್ಲಿ ನಿಂತರೆ

ಉಂಗುರ ತಿರುಗುವಾಗ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಹೀಗೆ ಎರಡು-ಮೂರು ಸಲ ಮಾಡಿದರೆ ವಿಂಡೋಸ್ ತಾನಾಗಿ ರಿಪೇರಿ ಪರದೆ ತೋರಿಸುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್ ಒತ್ತಿ, ಪಟ್ಟಿ ಬಂದಾಗ 4 ಒತ್ತಿ. ಇದು ಸೇಫ್ ಮೋಡ್, ಅಂದರೆ ತೀರಾ ಬೇಕಾದ ಡ್ರೈವರ್‌ಗಳನ್ನು ಮಾತ್ರ ಹಾಕಿಕೊಂಡು ಏಳುವ ವಿಂಡೋಸ್.

ಸೇಫ್ ಮೋಡ್‌ನಲ್ಲಿ ಎದ್ದರೆ ತಪ್ಪು ಬಹುಶಃ ಯಾವುದೋ ಡ್ರೈವರ್‌ನದು. ಕೊನೆಗೆ ಹಾಕಿದ್ದನ್ನು ಮೊದಲು ತೆಗೆಯಿರಿ: ಗ್ರಾಫಿಕ್ಸ್ ಡ್ರೈವರ್, ಎರಡನೇ ಆಂಟಿವೈರಸ್, ಬಣ್ಣದ ಲೈಟ್ ನಡೆಸುವ ಆರ್‌ಜಿಬಿ ಸಾಫ್ಟ್‌ವೇರ್. ಒಂದಕ್ಕಿಂತ ಹೆಚ್ಚು ಆರ್‌ಜಿಬಿ ಸಾಫ್ಟ್‌ವೇರ್ ಒಟ್ಟಿಗಿದ್ದರೆ ಒಂದಕ್ಕೊಂದು ಕಾದಾಡುತ್ತವೆ. ಕಂಟ್ರೋಲ್ ಪ್ಯಾನಲ್‌ನ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಕೂಡ ಆಫ್ ಮಾಡಿ. ‘ಶಟ್‌ಡೌನ್ ಮಾಡಿ ಆನ್ ಮಾಡಿದರೆ ನಿಲ್ಲುತ್ತದೆ, ರೀಸ್ಟಾರ್ಟ್ ಮಾಡಿದರೆ ಸರಿ’ ಅನ್ನುವವರಿಗೆ ಇದೊಂದೇ ಸಾಕಾಗಬಹುದು. ಸೇಫ್ ಮೋಡ್ ಕೂಡ ನಿಂತರೆ ಹಂತ 5 ಮತ್ತು 7ಕ್ಕೆ ವಾಪಸ್ ಹೋಗಿ. ಆ ಎರಡೂ ಸರಿಯಿದ್ದರೆ ಮಾತ್ರ ವಿಂಡೋಸ್ ಹೊಸದಾಗಿ ಹಾಕಿ. ಕೆಟ್ಟ ರ‍್ಯಾಮ್ ಮೇಲೆ ಹಾಕಿದ ವಿಂಡೋಸ್ ಮೊದಲ ದಿನದಿಂದಲೇ ಹಾಳಾಗಿರುತ್ತದೆ.

ಹಂತ 9: ಬೋರ್ಡ್ ಹೊರಗೆ ತೆಗೆದು

ಇಷ್ಟಾದರೂ ಲೋಗೋ ಬರದಿದ್ದರೆ ಬೋರ್ಡನ್ನು ಕ್ಯಾಬಿನೆಟ್‌ನಿಂದ ಹೊರತೆಗೆದು ಅದರದೇ ರಟ್ಟಿನ ಡಬ್ಬದ ಮೇಲೆ ಇಡಿ. ಅದು ಬಂದಿದ್ದ ಬೆಳ್ಳಿ ಬಣ್ಣದ ಚೀಲದ ಮೇಲೆ ಇಡಬೇಡಿ, ಆ ಚೀಲದ ಹೊರಮೈಯಲ್ಲಿ ಕರೆಂಟ್ ಹರಿಯಬಹುದು. ಪ್ರೊಸೆಸರ್, ಕೂಲರ್, ಒಂದು ರ‍್ಯಾಮ್, ಎಸ್‌ಎಂಪಿಎಸ್, ಮಾನಿಟರ್ ಇಷ್ಟೇ ಇರಲಿ. ಪ್ರೊಸೆಸರ್‌ನಲ್ಲಿ ಗ್ರಾಫಿಕ್ಸ್ ಇಲ್ಲದಿದ್ದರೆ ಕಾರ್ಡ್ ಕೂಡ. ಪವರ್ ಬಟನ್‌ನ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್‌ನಿಂದ ಅರೆಕ್ಷಣ ಮುಟ್ಟಿಸಿದರೆ ಆನ್ ಆಗುತ್ತದೆ.

ಹೊರಗೆ ಓಡಿ, ಒಳಗೆ ಓಡದಿದ್ದರೆ ಕ್ಯಾಬಿನೆಟ್ ನೋಡಿ. ಬೋರ್ಡ್ ಕೂರುವ ಹಿತ್ತಾಳೆ ಸ್ಟ್ಯಾಂಡ್‌ಆಫ್‌ಗಳಲ್ಲಿ ಒಂದು ಬೋರ್ಡ್‌ನ ತೂತಿಲ್ಲದ ಜಾಗದಲ್ಲಿದ್ದು ಹಿಂದಿನಿಂದ ಶಾರ್ಟ್ ಮಾಡುತ್ತಿರಬಹುದು.

ಇದೇ ಹೊತ್ತಿನಲ್ಲಿ ಕೂಲರ್ ತಳವನ್ನೂ ನೋಡಿ. ತಳದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತೆಗೆಯದೆ ಕೂಲರ್ ಕೂರಿಸಿರುವುದು ಅಪರೂಪವಲ್ಲ. ಬಯಾಸ್‌ನಲ್ಲಿ ಪ್ರೊಸೆಸರ್ ಬಿಸಿ 35ರಿಂದ 50 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ಚಿಂತೆ ಇಲ್ಲ. ಕಣ್ಣೆದುರೇ 90ರ ಕಡೆ ಏರುತ್ತಾ ಹೋದರೆ ಆಫ್ ಮಾಡಿ ಕೂಲರ್ ಮತ್ತೆ ಕೂರಿಸಿ, ತೊಗರಿಕಾಳಿನಷ್ಟು ಹೊಸ ಥರ್ಮಲ್ ಪೇಸ್ಟ್ (ಪ್ರೊಸೆಸರ್ ಬಿಸಿಯನ್ನು ಕೂಲರ್‌ಗೆ ದಾಟಿಸುವ ಅಂಟು) ಹಾಕಿ. ಎಎಂಡಿಯ ಎಎಂ4 ಪ್ರೊಸೆಸರ್ ಆದರೆ ಕೂಲರನ್ನು ನೇರ ಮೇಲಕ್ಕೆ ಎಳೆಯಬೇಡಿ. ಸ್ವಲ್ಪ ಹೊತ್ತು ಓಡಿಸಿ ಬೆಚ್ಚಗಾದ ಮೇಲೆ ಆಫ್ ಮಾಡಿ, ಎಡಕ್ಕೂ ಬಲಕ್ಕೂ ತಿರುಚುತ್ತಾ ಬಿಡಿಸಿ. ಇಲ್ಲದಿದ್ದರೆ ಪ್ರೊಸೆಸರ್ ಸಾಕೆಟ್‌ನಿಂದ ಕಿತ್ತು ಕೂಲರ್‌ಗೇ ಅಂಟಿಕೊಂಡು ಬರುತ್ತದೆ, ಅದರ ಪಿನ್‌ಗಳು ಬಾಗುತ್ತವೆ.

ಅಂಗಡಿಗೆ ಒಯ್ಯಬೇಕಾಗಿ ಬಂದರೆ

ಬೆಂಗಳೂರಿನ ಎಸ್.ಪಿ. ರೋಡ್ ಇರಲಿ, ನಿಮ್ಮೂರ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿ ಇರಲಿ, ‘ಹ್ಯಾಂಗ್ ಆಗುತ್ತೆ ನೋಡಿ’ ಅಂತ ಸುಮ್ನೆ ಕೊಟ್ಟುಬರಬೇಡಿ. ‘ಡ್ರ್ಯಾಮ್ ಲೈಟ್ ಹತ್ತಿ ನಿಲ್ಲುತ್ತೆ, ಎರಡೂ ರ‍್ಯಾಮ್ ಎ2ರಲ್ಲಿ ಓಡುತ್ತೆ, ಬಿ2ರಲ್ಲಿ ಎರಡೂ ಓಡಲ್ಲ’ ಅಂತ ನೋಟ್‌ಬುಕ್ ನೋಡಿ ಹೇಳಿ, ವಿಡಿಯೋ ತೋರಿಸಿ. ಭಾಗಗಳ ಸೀರಿಯಲ್ ನಂಬರ್‌ಗಳ ಫೋಟೋ ತೆಗೆದಿಟ್ಟುಕೊಳ್ಳಿ. ಪ್ರತಿ ಭಾಗದ ಬಿಲ್ ಬೇರೆ ಬೇರೆ ಇಟ್ಟುಕೊಳ್ಳಿ, ಪ್ರೊಸೆಸರ್‌ಗೂ ರ‍್ಯಾಮ್‌ಗೂ ಎಸ್‌ಎಂಪಿಎಸ್‌ಗೂ ವಾರಂಟಿ ಅವಧಿ ಬೇರೆ ಬೇರೆ.

ಬೋರ್ಡ್ ವಾರಂಟಿಗೆ ಕೊಡುವಾಗ ಸಾಕೆಟ್‌ನ ಪಿನ್‌ಗಳನ್ನು ಅವರು ಭೂತಗನ್ನಡಿ ಹಿಡಿದು ನೋಡುತ್ತಾರೆ. ಒಂದು ಪಿನ್ ಬಾಗಿದ್ದರೂ ವಾರಂಟಿ ಸಿಗುವುದು ಕಷ್ಟ. ಕೌಂಟರ್‌ನಲ್ಲಿ ಕೊಡುವ ಮುಂಚೆ ಅವರೆದುರೇ ಸಾಕೆಟ್‌ನ ಹತ್ತಿರದ ಫೋಟೋ ತೆಗೆಯಿರಿ. ಹೊಸ ಬೋರ್ಡ್ ಜೊತೆ ಸಾಕೆಟ್ ಮೇಲೆ ಬಂದಿದ್ದ ಆ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಎಸೆಯದೆ ಡಬ್ಬದಲ್ಲೇ ಇಟ್ಟಿದ್ದರೆ, ಈಗ ಅದನ್ನು ಹಾಕಿಯೇ ಕೊಡಿ.